ಬಾಮೈದನ ಉಸಿರಿನ ಅಂಗಡಿ

ನನ್ನ ಬಾಮೈದ ಜನರಿಗೆ ಉಸಿರಾಡುವುದನ್ನು ಕಲಿಸಿ ಹೊಟ್ಟೆ ಹೊರೆಯುತ್ತಾನೆ. ನೀವು ಸರಿಯಾಗಿಯೇ ಓದಿದಿರಿ. ಹುಟ್ಟಿದ ಕೂಸು ಯಾರನ್ನೂ ಕೇಳದೆ, ಒಂದು ಸಲ ಅತ್ತು, ತಾನೇ ಕಲಿತುಬಿಡುವ ವಿದ್ಯೆಯನ್ನು ಈ ಮಹಾರಾಯ ಸುಂಟಿಕೊಪ್ಪದ ರಸ್ತೆ ಬದಿಯಲ್ಲಿ ಬೋರ್ಡು ಹಾಕಿಕೊಂಡು ಕಲಿಸುತ್ತಾನೆ. ಮೀಸೆ ಬಂದ ಗಂಡಸರು ಹೋಗಿ ಕಲಿಯುತ್ತಾರೆ! ಇನ್ನು ಕಣ್ಣು ಮಿಟುಕಿಸುವುದಕ್ಕೂ ಒಂದು ಶಾಲೆ ಯಾವಾಗ ತೆಗೆಯುತ್ತಾನೋ ಎಂದು ನಾನು ಕಾಯುತ್ತಿದ್ದೇನೆ.

ಅವನು ಮಾಡಿದ ಉಪಕಾರವನ್ನು ಹೇಳಿಕೊಳ್ಳುವುದಕ್ಕೇ ನಾನು ಈ ಪೆನ್ನು ಹಿಡಿದದ್ದು. ಮನಸ್ಸು ಉಕ್ಕಿ ಬರುತ್ತಿದೆ, ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಆದರೆ ಬಾಮೈದನನ್ನು ಹೊಗಳಿಯೇ ಶುರು ಮಾಡಿದರೆ ಭಾವ ಎಂಬ ಪದವಿಗೆ ಏನು ಬೆಲೆ ಉಳಿಯಿತು? ಆದ್ದರಿಂದ ಮೊದಲು ಬೈಯುತ್ತೇನೆ. ಹೊಗಳಿಕೆ ತಾನಾಗಿ ಬಂದರೆ ಬರಲಿ. ನಾನು ಓದಿದ್ದು ಕೂಲಿಮಠದಲ್ಲಿ, ಅದೂ ಮಳೆ ಬಂದು ಹೊಲದ ಕೆಲಸ ನಿಂತ ದಿನಗಳಲ್ಲಿ ಮಾತ್ರ. ಕಾಗುಣಿತ ತಪ್ಪಿದ್ದರೆ ನನ್ನನ್ನು ಬೈಯಬೇಡಿ, ಆ ವರ್ಷಗಳ ಮಳೆಯನ್ನು ಬೈಯಿರಿ.

ಮೊದಲು ಮನುಷ್ಯ ಎಂಥವನು ಎಂದು ತಿಳಿಯಬೇಕಲ್ಲ. ಅವನು ಯಾರ ಮುಖವನ್ನೂ ನೋಡಿ ಮಾತಾಡುವುದಿಲ್ಲ, ಹೆಗಲು ನೋಡಿ ಮಾತಾಡುತ್ತಾನೆ. ನೀವು ಹೊಸ ಅಂಗಿ ಹಾಕಿ, ಕ್ರಾಪು ತೆಗೆದು, ನಗುತ್ತ ಎದುರಿಗೆ ಬಂದರೂ ಅವನ ಕಣ್ಣು ನಿಮ್ಮ ಕುತ್ತಿಗೆಯ ಕೆಳಗೇ ಇಳಿದುಹೋಗುತ್ತದೆ. "ಎಡಗಡೆ ಹೆಗಲು ಏನೋ ಯೋಚ್ನೆ ಮಾಡ್ತಾ ಐತಲ್ಲ" ಎನ್ನುತ್ತಾನೆ. ನಮ್ಮ ಮನೆಗೆ ಬಂದ ನೆಂಟರೊಬ್ಬರು, ಈ ಮನುಷ್ಯ ನನ್ನ ಅಂಗಿ ಕದಿಯಲು ನೋಡುತ್ತಿದ್ದಾನೆ ಎಂದು ತಿಳಿದು ಊಟಕ್ಕೆ ಕೂರುವಾಗಲೂ ಅಂಗಿ ಬಿಚ್ಚಲಿಲ್ಲ. ಬಾಮೈದ ಬಸ್ಸು ಹತ್ತುವುದಿಲ್ಲ, ಬಸ್ಸು ಮೊಣಕಾಲನ್ನು ಸೋಮಾರಿ ಮಾಡುತ್ತದಂತೆ. ಮಡಿಕೇರಿಗೆ ನಡೆದೇ ಹೋಗುತ್ತಾನೆ. ಟವಲಿನ ತುದಿಯಲ್ಲಿ ನೆನೆಸಿದ ಹುರುಳಿಕಾಳು ಗಂಟು ಹಾಕಿಕೊಂಡಿರುತ್ತಾನೆ. ಎಮ್ಮೆಗೆ ನಾವು ಬೇಯಿಸಿಯಾದರೂ ಹಾಕುತ್ತೇವೆ, ಇವನು ಹಸಿಯಾಗಿಯೇ ಜಗಿಯುತ್ತಾನೆ.

ನಮ್ಮ ಹಿರಿಯರು ಹಾಸನದ ಕಡೆಯಿಂದ ಗಾಡಿ ಕಟ್ಟಿಕೊಂಡು ಕುಶಾಲನಗರದ ಹತ್ತಿರ ಬಂದು ನೆಲೆ ನಿಂತವರು. ನಾನು ಮದುವೆಯಾದ ಮೇಲೆ ಸುಂಟಿಕೊಪ್ಪದ ಪಕ್ಕದಲ್ಲಿ ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ ಮಾಡಿಕೊಂಡೆ. ಈ ಬಾಮೈದ, ಎಂದರೆ ನನ್ನ ಹೆಂಡತಿಯ ತಮ್ಮ, ಹುಡುಗನಾಗಿದ್ದಾಗಲೇ ಮೈಸೂರಿಗೆ ಓಡಿಹೋಗಿ ಗರಡಿ ಮನೆ ಸೇರಿದ. ಅಲ್ಲಿಂದ ಮಿಲಿಟರಿಗೆ ಹೋಗಿ ಸಿಪಾಯಿಗಳಿಗೆ ಕಸರತ್ತು ಕಲಿಸಿದ. ಕೂದಲು ನರೆತ ಮೇಲೆ ಊರಿಗೆ ಬಂದ. ಬರುವಾಗ ತಂದದ್ದು ಒಂದು ಸೀಟಿ, ಒಂದು ಖಾಕಿ ಚಡ್ಡಿ, ಮತ್ತು ಲೋಕದಲ್ಲಿ ಎಲ್ಲರೂ ತಪ್ಪಾಗಿ ಉಸಿರಾಡುತ್ತಿದ್ದಾರೆ ಎಂಬ ಒಂದು ಸಂಶಯ. ಮದುವೆಯಾಗಿರಲಿಲ್ಲ. ಕೇಳಿದರೆ "ಹೆಣ್ಣು ನೋಡೋಕೆ ಹೋದ್ರೆ ಎಲ್ರೂ ಉಸಿರು ಕಟ್ಕೊಂಡೇ ಕೂತಿರ್ತಾರೆ ಭಾವ, ಹೆಂಗೆ ಒಪ್ಲಿ?" ಎನ್ನುತ್ತಿದ್ದ.

ಅವನ ಅಕ್ಕ ಹಟ ಹಿಡಿದು ಅವನನ್ನು ಹತ್ತಿರದ ಒಂದು ಎಸ್ಟೇಟಿಗೆ ರೈಟರು ಮಾಡಿಸಿದಳು. ಎಸ್ಟೇಟಿನ ರೈಟರು ಎಂದರೆ ಬೆಳಿಗ್ಗೆ ಕೂಲಿಮನೆಗಳ ಲೈನಿನಿಂದ ಬಂದ ಆಳುಗಳ ಹಾಜರಿ ಬರೆದು ಕೆಲಸಕ್ಕೆ ಕಳಿಸುವವನು. ಇವನು ಹಾಜರಿ ಬರೆಯುವ ಬದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸೀಟಿ ಊದಿದ. ದಿನವೆಲ್ಲ ಬಗ್ಗಿ ಕಳೆ ಕೀಳುವ ಹೆಂಗಸರಿಗೆ ಬಗ್ಗುವುದು ಹೇಗೆಂದು ಪಾಠ ಶುರು ಮಾಡಿದ! ಸಾಲಿನ ಮುಂದಿದ್ದ ಮುದುಕಿ, "ಅಯ್ಯಾ, ನೀವು ಒಂದ್ ದಿವ್ಸ ನಮ್ ಜೊತೆ ಕಳೆ ಕೀಳಿ, ಆಮೇಲೆ ಬಗ್ಗೋದು ಹೇಳಿ" ಎಂದಳು. ಬೇರೆ ಯಾರಾದರೂ ಆಗಿದ್ದರೆ ರೇಗುತ್ತಿದ್ದರು. ಇವನು ಪಂಚೆ ಎತ್ತಿ ಕಟ್ಟಿ ಹೋಗಿಯೇಬಿಟ್ಟ. ರೈಟರೇ ಕಳೆ ಕೀಳಲು ಹೋದ ಮೇಲೆ ಹಾಜರಿ ಬರೆಯುವವರು ಯಾರು? ಆ ದಿನ ಎಸ್ಟೇಟಿನಲ್ಲಿ ಯಾರೂ ಕೆಲಸ ಮಾಡಲೇ ಇಲ್ಲ ಎಂದಾಯಿತು. ಮರುದಿನದಿಂದ ಇವನಿಗೂ ಕೆಲಸ ಇಲ್ಲ ಎಂದಾಯಿತು.

ಆಗ ಹುಟ್ಟಿದ್ದೇ ಸ್ವಂತ ಗರಡಿಯ ಯೋಚನೆ. "ಯಾರ ಕೈ ಕೆಳಗೂ ಬೇಡ ಭಾವ. ನಂದೇ ಒಂದು ಶಾಲೆ ತೆಗೀತೀನಿ."

"ಕುಸ್ತಿ ಶಾಲೆಯೇನೋ?"

"ಕುಸ್ತಿ ಇಲ್ಲ."

"ಕುಸ್ತಿ ಇಲ್ಲದ ಗರಡಿಗೆ ಯಾರು ಬರ್ತಾರೋ? ಕರು ಇಲ್ಲದ ಕೊಟ್ಟಿಗೆ ಆಯ್ತು."

"ಒಬ್ಬೊಬ್ರಿಗೆ ಒಂದೊಂದು ಕಸರತ್ತು ಭಾವ. ಗರಡೀಲಿ ಒಬ್ಬ ಉಸ್ತಾದು, ಊರಿನ ಹುಡುಗ್ರೆಲ್ಲ ಒಂದೇ ಸಾಮು. ಹಂಗಲ್ಲ ಇದು. ರೈಟರಿಗೆ ರೈಟರ ಕಸರತ್ತು, ದರ್ಜಿಗೆ ದರ್ಜಿ ಕಸರತ್ತು. ಒಂದು ಬೆನ್ನಿಗೆ ಒಂದು ಕಣ್ಣು."

ನಮ್ಮ ಕೊಡಗು ಮೈಸೂರಿಗೆ ಸೇರದ, ತನ್ನದೇ ಮಂತ್ರಿಗಳಿರುವ ಪುಟ್ಟ ರಾಜ್ಯ. ಮಡಿಕೇರಿಯಲ್ಲಿ ಮಂತ್ರಿಗಳು ಸೀನಿದರೆ ಸುಂಟಿಕೊಪ್ಪದಲ್ಲಿ ಶುಂಠಿ ಕಷಾಯ ಕಾಸುತ್ತಾರೆ, ಅಷ್ಟು ಪುಟ್ಟದು. ಇಂಥ ರಾಜ್ಯದಲ್ಲಿ ಬೆನ್ನಿಗೊಂದು ಕಣ್ಣಿಟ್ಟರೆ ಎಷ್ಟು ಬೆನ್ನು ಸಿಕ್ಕೀತು ಎಂದು ನಾನು ಕೇಳಿದೆ. "ರಾಜ್ಯ ಪುಟ್ಟದಾದ್ರೆ ಏನಂತೆ, ಬೆಟ್ಟ ದೊಡ್ಡವಲ್ಲ. ಹತ್ತೋರಿಗೆಲ್ಲ ಬೆನ್ನು ಇದ್ದೇ ಇರುತ್ತೆ" ಎಂದ.

ಪೇಟೆಯ ಕೊನೆಯಲ್ಲಿ ಖಾಲಿ ಬಿದ್ದಿದ್ದ ಹಳೆಯ ಕಾಫಿ ಗೋಡೌನನ್ನು ಹಿಡಿದ. ಕಾಫಿ ಹಣ್ಣು ಬಿಡಿಸುವ ಯಂತ್ರದ ತುಕ್ಕು ಹಿಡಿದ ಚಕ್ರ, ಒಡೆದ ರುಬ್ಬುಗುಂಡು, ಮರಳು ತುಂಬಿದ ಮೆಣಸಿನ ಚೀಲ, ಇವೇ ಅವನ ಸಾಮಾನು. ಗರಡಿಯ ನೆಲಕ್ಕೆ ಹುತ್ತದ ಮಣ್ಣು ತಂದು, ಎಣ್ಣೆ, ಅರಿಸಿನ, ಮಜ್ಜಿಗೆ ಹಾಕಿ ಕಲೆಸಿದ. ಮಜ್ಜಿಗೆ ಹೋದದ್ದು ನಮ್ಮ ಮನೆಯಿಂದ. ಬಾಗಿಲಿಗೆ ಬೋರ್ಡು ಬರೆಸಿದ: "ಶರೀರ ಶಾಲೆ. ಕುಸ್ತಿ ಇಲ್ಲ." ಪೂಜೆಯ ದಿನ ಊರೆಲ್ಲ ಬಂದು ಮಂಡಕ್ಕಿ ತಿಂದು, ಕುಸ್ತಿ ಯಾವಾಗ ಎಂದು ಕೇಳಿ, ಇಲ್ಲವೆಂದು ತಿಳಿದು, ಮನೆಗೆ ಹೋಯಿತು. ಆಮೇಲೆ ಯಾರೂ ಬರಲಿಲ್ಲ.

ಬಂದವರು ಒಂದೇ ತರಹದವರು. ಅದು ಇನ್ನೂ ಕಾಫಿ ಗೋಡೌನೇ ಎಂದು ತಿಳಿದು ಚೀಲ ಹೊತ್ತು ತಂದ ಬೆಳೆಗಾರರು! ನಮ್ಮ ಕಡೆ ಒಂದು ಕಟ್ಟಡ ಒಂದು ಸಲ ಗೋಡೌನ್ ಆಯಿತೆಂದರೆ ಮುಗಿಯಿತು, ಅದರೊಳಗೆ ದೇವರನ್ನೇ ಕೂರಿಸಿದರೂ ಜನ ಹೋಗಿ ಕಾಫಿಗೆ ಏನು ರೇಟು ಎಂದೇ ಕೇಳುತ್ತಾರೆ. ಇವನು ಅವರನ್ನು ವಾಪಸು ಕಳಿಸಲಿಲ್ಲ. "ಚೀಲ ಕೆಳಗಿಡಿ. ಈಗ ಎತ್ತಿ. ಹಂಗಲ್ಲ, ಸೊಂಟದಿಂದ ಎತ್ತಬೇಡಿ, ತೊಡೆಯಿಂದ ಎತ್ತಿ. ಉಸಿರು ಕಟ್ಬೇಡಿ, ಬಿಡಿ. ಬಿಡಿ ಅಂದೆ." ಕಾಫಿ ಮಾರಲು ಬಂದವರು ಚೀಲವನ್ನು ಹತ್ತಾರು ಸಲ ಎತ್ತಿಳಿಸಿ, ಬೆವರಿ, ಅದೇ ಚೀಲ ಹೊತ್ತು ಬೇರೆ ಗೋಡೌನಿಗೆ ಹೋದರು. ಆದರೆ ಸೊಂಟ ನೋಯುತ್ತಿಲ್ಲವಲ್ಲ ಎಂದು ದಾರಿಯಲ್ಲಿ ಅವರಿಗೇ ಆಶ್ಚರ್ಯ. ಹಾಗೆ ಸುದ್ದಿ ಹಬ್ಬಿತು.

ಮೊದಲ ಶಿಷ್ಯ ಎದುರಿನ ಚಾ ಅಂಗಡಿಯ ಕಾಕ. ಮಲಬಾರಿನಿಂದ ಬಂದ ಮುದುಕ, ಒಲೆಯ ಮುಂದೆ ಬಗ್ಗಿ ಬಗ್ಗಿ ಕೊಕ್ಕರೆಯ ಹಾಗೆ ಆಗಿದ್ದ. "ಎಂಥ ಗೌಡ್ರೇ ಇದ್, ಚಾ ಕುಡಿಯಕ್ಕೆ ಬಂದೋನು ನಂಗೆ ನಿಲ್ಲೋದ್ ಕಲ್ಸ್ತಾನೆ" ಎಂದು ನನ್ನ ಹತ್ತಿರ ದೂರಿದ. ದೂರುವಾಗಲೇ ನೆಟ್ಟಗೆ ನಿಂತಿದ್ದ, ಅದು ಅವನಿಗೆ ತಿಳಿದಿರಲಿಲ್ಲ. ಎರಡನೆಯವನು ಯಾರೆಂದರೆ, ಎಸ್ಟೇಟಿನಲ್ಲಿ ಇವನು ಬಿಟ್ಟ ಜಾಗಕ್ಕೆ ಬಂದಿದ್ದ ಹೊಸ ರೈಟರು. ದಪ್ಪ ಮನುಷ್ಯ. ಅವನ ಸೈಕಲ್ಲು ಏರು ದಾರಿಯಲ್ಲಿ ನರಳುವುದು ನಮ್ಮ ಮನೆಗೆ ಕೇಳಿಸುತ್ತಿತ್ತು. ಬಾಮೈದ ದಿನವೂ ಆ ಸೈಕಲ್ಲಿನ ಹಿಂದೆ "ಉಸಿರು ಬಿಡು, ಉಸಿರು ಬಿಡು" ಎಂದು ಕೂಗುತ್ತ ಓಡಿದ. ಒಂದು ದಿನ ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾನೆ ಎಂದು ತಿಳಿದು ಜನ ರೈಟರನ್ನು ಹಿಡಿದು ಕೂರಿಸಿದರು.

ಈ "ಉಸಿರು ಬಿಡು" ಎಂಬುದು ಅವನ ಮೂಲಮಂತ್ರ. ಜನ ಭಾರ ಎತ್ತುವಾಗ, ಹೆದರಿದಾಗ, ಸಿಟ್ಟು ಬಂದಾಗ ಉಸಿರು ಹಿಡಿದುಕೊಳ್ಳುತ್ತಾರಂತೆ, ಹಿಡಿದಾಗ ಹೆಗಲು ಕಿವಿಯ ಹತ್ತಿರ ಹೋಗುತ್ತದಂತೆ, ಆಗ ಅರ್ಧ ಶಕ್ತಿ ಹೆಗಲನ್ನು ಅಲ್ಲಿ ನಿಲ್ಲಿಸಿಕೊಳ್ಳುವುದಕ್ಕೇ ಖರ್ಚಾಗುತ್ತದಂತೆ. ನಮ್ಮ ಎಮ್ಮೆ ಕರು ಹಾಕಲು ಕಷ್ಟಪಡುತ್ತಿದ್ದಾಗ ಅದರ ಕಿವಿಯಲ್ಲೂ ಹೋಗಿ "ಕಟ್ಬೇಡ ಕಣವ್ವ, ಬಿಡು" ಎಂದ. ಎಮ್ಮೆ ಒದೆಯಿತು. "ನೋಡಿ ಭಾವ, ಬಿಡ್ತು" ಎಂದ, ಮೊಣಕಾಲು ತಿಕ್ಕಿಕೊಳ್ಳುತ್ತ.

ಇಷ್ಟು ದಿನ ನನಗೆ ಇದೆಲ್ಲ ತಮಾಷೆ. ಸಂಜೆ ಜಗಲಿಯಲ್ಲಿ ಕೂತು ಬಾಮೈದನನ್ನು ಗೋಳುಹೊಯ್ದುಕೊಳ್ಳುವುದಕ್ಕೆ ಒಂದು ವಿಷಯ. ಹೀಗಿರುವಾಗ ನನ್ನ ಮೊಮ್ಮಗಳ ಮದುವೆ ಗೊತ್ತಾಯಿತು.

ಅವಳು ನನ್ನ ಹಿರಿಯ ಮಗನ ಮಗಳು. ಹಿಂದಿನ ಮಳೆಗಾಲದಲ್ಲಿ ಅವಳಿಗೆ ವಿಷಮಜ್ವರ ಬಂದು, ಬದುಕಿದ್ದೇ ಹೆಚ್ಚು ಎನ್ನುವಂತಾಗಿ, ದೇವರು ದೊಡ್ಡವನು, ಉಳಿದಳು. ಆದರೆ ಮೊದಲಿನ ಹುಡುಗಿ ಆಗಲಿಲ್ಲ. ಸ್ವಲ್ಪ ಹೊತ್ತು ನಿಂತರೆ ಕಣ್ಣು ಕತ್ತಲೆ. ಬಿಂದಿಗೆ ಎತ್ತಿದರೆ ಕೈ ನಡುಕ. ಮನೆಯಲ್ಲಿ ಎಲ್ಲರೂ ಅವಳ ಕೈಯಿಂದ ಎಲ್ಲವನ್ನೂ ಕಿತ್ತುಕೊಳ್ಳುತ್ತಿದ್ದೆವು. ಪೊರಕೆ ಹಿಡಿದರೆ ನನ್ನ ಹೆಂಡತಿ ಓಡಿ ಬರುವಳು, ಸೌದೆ ಮುಟ್ಟಿದರೆ ನಾನು ಓಡಿ ಹೋಗುವೆ. ಅವಳಿಗೆ ಕುಡಿಯಲು ಬಿಸಿನೀರೇ.

ಹುಡುಗ ಮೂರ್ನಾಡಿನ ಕಡೆಯವನು. ಅವರು ಅರೆಭಾಷೆ ಆಡುವ ಗೌಡರು, ಈ ಬೆಟ್ಟಗಳಲ್ಲಿ ತಲೆತಲಾಂತರದಿಂದ ಇರುವವರು. ನಾವು ಘಟ್ಟದ ಆ ಕಡೆಯಿಂದ ಬಂದ ಗೌಡರು. ಒಳ್ಳೆಯ ಜನ, ಒಳ್ಳೆಯ ಹುಡುಗ. ವೀಳ್ಯ ಬದಲಾಯಿಸುವ ದಿನ ಹುಡುಗನ ಅಜ್ಜಿ, ಎಲೆಯಡಿಕೆ ಕುಟ್ಟಿಕೊಳ್ಳುತ್ತ, "ಗಂಗೆ ಪೂಜೆ ನಮ್ಮ ಮನೇಲೇ, ಬಾವಿ ಹತ್ರ" ಎಂದರು. ನಾವು ಆಗಬಹುದು ಎಂದೆವು. ನಮ್ಮ ಕಡೆಯೂ ಗಂಗೆ ಪೂಜೆ ಇದೆಯಲ್ಲ. ಐದು ಜನ ಮುತ್ತೈದೆಯರು ಹೋಗಿ, ಚೊಂಬಿನಲ್ಲಿ ನೀರು ತಂದು, ಬಾಯಿಯ ಎಲೆಯಡಿಕೆ ಕೆಂಪಾಗುವುದರೊಳಗೆ ಮುಗಿಸಿಬಿಡುತ್ತೇವೆ. ನನ್ನ ಹೆಂಡತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ನಮ್ಮ ಹುಡುಗಿಗೆ ನೀರು ತರೋದು ಅಂದ್ರೆ ಬಲು ಇಷ್ಟ" ಎಂದು ಬೀಗಿಬಿಟ್ಟಳು!

ಆಮೇಲೆ ಅಜ್ಜಿ ವಿವರಿಸಿದರು. ಅವರ ಕಡೆ ಮದುಮಗಳು ನೀರು ತುಂಬಿದ ತಾಮ್ರದ ಕೊಡಗಳನ್ನು ಒಂದರ ಮೇಲೊಂದು ತಲೆಯ ಮೇಲಿಟ್ಟುಕೊಂಡು ಬಾವಿಯಿಂದ ಅಡಿಗೆಮನೆಗೆ ನಡೆಯಬೇಕು. ಗಂಡಿನ ಕಡೆಯವರು ವಾಲಗದ ಬಡಿತಕ್ಕೆ ಕುಣಿಯುತ್ತ ಅವಳ ಮುಂದೆ ಅಡ್ಡ ನಿಲ್ಲುತ್ತಾರೆ. ಅವರಾಗಿ ದಾರಿ ಬಿಡುವವರೆಗೂ ಅವಳು ಕೊಡ ಇಳಿಸುವ ಹಾಗಿಲ್ಲ. ಹೊಸ ಸೊಸೆಯ ತಾಳ್ಮೆ ನೋಡುವುದು ಅದು.

"ತುಂಬಾ ಹೊತ್ತು ಕುಣೀತಾರಾ?" ಎಂದು ನನ್ನ ಹೆಂಡತಿ ಸಣ್ಣ ದನಿಯಲ್ಲಿ ಕೇಳಿದಳು.

"ಹೆದ್ರಿಕೆ ಬೊಡ," ಎಂದರು ಅಜ್ಜಿ. "ಏನೂ ಆಕಿಲ್ಲೆ. ಆದ್ರೆ ನಮ್ಮ ಹೈದಂಗ ಕುಣಿಯಕೆ ಸುರು ಮಾಡ್ರೆ ಬೇಗ ನಿಲ್ಸುದುಲ್ಲೆ. ನನ್ನ ಮೊದುವೇಲಿ ಬಿಸಿಲು ಇಳ್ದಿತ್ತ್."

ನಾವು ಮನೆಗೆ ಬಂದು ಕೂತೆವು. ತುಂಬಿದ ಮನೆಯಲ್ಲಿ, ಎಲ್ಲರ ಎದುರಿಗೆ, ಮೊದಲ ದಿನವೇ ಹುಡುಗಿ ಕೊಡದ ಸಮೇತ ಬಿದ್ದರೆ? ಅಪಶಕುನ ಎಂದು ಯಾರೋ ಒಬ್ಬರು ಅನ್ನುವರು, ಒಬ್ಬರು ಅಂದರೆ ಸಾಕು, ಅವಳ ಬಾಳಿಡೀ ಅದು ಅಂಟಿಕೊಳ್ಳುತ್ತದೆ. ಅಷ್ಟರಲ್ಲಿ ಬಾಮೈದ ಹುರುಳಿ ಜಗಿಯುತ್ತ ಬಂದ. ಎಲ್ಲ ಕೇಳಿದ. ಮೊಮ್ಮಗಳ ಹೆಗಲು ನೋಡಿದ, ಬಹಳ ಹೊತ್ತು ನೋಡಿದ.

"ಮದ್ವೆ ಯಾವಾಗ?"

"ಕಾಫಿ ಹೂ ಉದುರಿದ ಮೇಲೆ" ಎಂದೆ.

"ಆಗುತ್ತೆ" ಎಂದ. "ಇವತ್ತಿಂದ ಇವಳು ನನ್ನ ಶಾಲೆ."

ಮದುವೆಯ ಹೆಣ್ಣನ್ನು ಪೇಟೆಯ ಗರಡಿಗೆ ಕಳಿಸಲು ಆಗುತ್ತದೆಯೇ? ಶಾಲೆಯೇ ನಮ್ಮ ಮನೆಗೆ ಬಂತು. ಮೊದಲ ಪಾಠಕ್ಕೆ ಏನು ಕೊಟ್ಟ ಎನ್ನುತ್ತೀರಿ? ಒಲೆ ಊದುವ ಕೊಳವೆ! "ದಿನಾ ನೀನೇ ಒಲೆ ಊದ್ಬೇಕು. ನಿಧಾನಕ್ಕೆ ಎಳ್ಕೋ, ಅದಕ್ಕಿಂತ ನಿಧಾನಕ್ಕೆ ಬಿಡು. ಬೂದಿ ಹಾರಬಾರ್ದು, ಕೆಂಡ ಮಾತ್ರ ಕೆಂಪಾಗ್ಬೇಕು." ಮೊದಲ ವಾರ ಇಡೀ ಮನೆ ಬೂದಿ, ನಾನು ಉಂಡ ಅನ್ನವೂ ಬೂದಿ. ಆಮೇಲೆ ಒಂದು ದಿನ ಬೂದಿ ಹಾರದೆ ಕೆಂಡ ಕೆಂಪಾಯಿತು. ಅವಳು ತಿರುಗಿ ನನ್ನ ಕಡೆ ನೋಡಿ ನಕ್ಕಳು. ಜ್ವರ ಬಿಟ್ಟ ಮೇಲೆ ಆ ನಗೆಯನ್ನು ನಾನು ಕಂಡದ್ದು ಅವತ್ತೇ.

ಆಮೇಲೆ ಕಾಫಿ ಒಣಗಿಸುವ ಕಣದಲ್ಲಿ ನಡಿಗೆ. ಮೊದಲು ತಲೆಯ ಮೇಲೆ ಬರೀ ಬಟ್ಟೆಯ ಸಿಂಬಿ, ಆಮೇಲೆ ಸಿಂಬಿಯ ಮೇಲೆ ಖಾಲಿ ಮಡಕೆ. "ನೆಟ್ಟಗೆ ನಿಲ್ಬೇಡ, ಕಂಬ ನೆಟ್ಟಗಿರುತ್ತೆ, ಗಾಳಿ ಬಂದ್ರೆ ಬೀಳುತ್ತೆ. ಬಿದಿರು ನೋಡು. ಮೊಣಕಾಲು ಸಡಿಲ ಬಿಡು. ಉಸಿರು ಬಿಡು." ಅವಳ ಜೊತೆಗೆ ಅವನೂ ತಲೆಯ ಮೇಲೊಂದು ಮಡಕೆ ಇಟ್ಟುಕೊಂಡು, ಖಾಕಿ ಚಡ್ಡಿಯಲ್ಲಿ, ಸೊಂಟ ತೂಗುತ್ತ ನಡೆಯುತ್ತಿದ್ದ. ಆ ದೃಶ್ಯ ನೋಡಲು ಪಕ್ಕದ ತೋಟದವರು ಬೇಲಿಯ ಹತ್ತಿರ ಇಲ್ಲದ ಕೆಲಸ ಹುಡುಕಿಕೊಂಡು ಬರುತ್ತಿದ್ದರು.

ನಡಿಗೆ ಬಂತು, ಸರಿ. ಆದರೆ ಅಡ್ಡಗಟ್ಟಿ ಕುಣಿಯುವವರು ಬೇಕಲ್ಲ? ಒಂದು ಸಂಜೆ ಬಾಮೈದ ತನ್ನ ಶಿಷ್ಯರನ್ನು ಕರೆತಂದ. ಕಾಕ ಮತ್ತು ದಪ್ಪ ರೈಟರು. ಇವರು ಗಂಡಿನ ಕಡೆಯವರು! ವಾಲಗದ ಬದಲು ಬಾಮೈದನೇ ಸೀಮೆಎಣ್ಣೆ ಡಬ್ಬ ಬಡಿದ. ಕಾಕ ಮೊದಲು ನಾಚಿಕೊಂಡ. "ಗೌಡ್ರೇ, ನಂಗೆ ಕುಣಿಯಕ್ಕೆ ಬರಾಂಗಿಲ್ಲ" ಎಂದ. ಒಂದು ವಾರ ಕಳೆಯುವುದರೊಳಗೆ ಅಂಗಡಿ ಬೇಗ ಮುಚ್ಚಿ ಬರತೊಡಗಿದ. ರೈಟರಂತೂ ಕುಣಿಯಲೇ ಹುಟ್ಟಿದವನು. ಅವನೊಬ್ಬ ಅಡ್ಡ ನಿಂತರೆ ಅರ್ಧ ಕಣ ಮುಚ್ಚುತ್ತಿತ್ತು. ಅವನು ಎಡಕ್ಕೆ ವಾಲಿದಂತೆ ಮಾಡಿ ಬಲಕ್ಕೆ ಬರುತ್ತಿದ್ದ, ಕಾಕ ಹಿಂದೆ ಹೋದಂತೆ ಮಾಡಿ ಮುಂದೆ ಬರುತ್ತಿದ್ದ. ನನ್ನ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಏನು ಬೀಗ್ರೇ, ದಾರಿ ಬಿಡ್ತೀರೋ, ಪೊರಕೆ ತರ್ಲೋ?" ಎಂದು ಕೇಳುವಳು. "ಮೊದ್ಲು ಕಾಫಿ ಬರ್ಲಿ ಬೀಗಿತ್ತಿ" ಎಂದು ರೈಟರು ಗತ್ತಿನಿಂದ ಹೇಳುವನು.

ಹೀಗೆ ನಗುತ್ತಿರುವಾಗಲೇ ಅದು ಆಯಿತು. ಮಡಕೆಗೆ ಮೊದಲ ಸಲ ನೀರು ತುಂಬಿಸಿದ ದಿನ. ಡಬ್ಬ ಬಡಿಯುತ್ತಿತ್ತು, ರೈಟರು ಅಡ್ಡ ಕುಣಿಯುತ್ತಿದ್ದ. ಹುಡುಗಿಯ ಮುಖ ಬಿಳಿಚಿತು. ಮೊದಲು ಮಡಕೆ ಬಿತ್ತು, ಅದರ ಹಿಂದೆ ಅವಳು. ನಾವು ಓಡಿ ಹೋಗುವಷ್ಟರಲ್ಲಿ ಕಣ್ಣು ಬಿಟ್ಟಳು. ಕಣದ ತುಂಬ ನೀರು, ಮಡಕೆ ಚೂರು. ಕಾಕ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅವಳಿಗೆ ಗಾಳಿ ಹಾಕುತ್ತ ಕೂತ. ರೈಟರು ಅತ್ತೇಬಿಟ್ಟ.

"ಸಾಕು" ಎಂದೆ ನಾನು. "ನಾಳೆಯೇ ಮೂರ್ನಾಡಿಗೆ ಹೋಗ್ತೀನಿ. ಆ ಅಜ್ಜಿ ಒಳ್ಳೆಯೋರು. ಹುಡುಗಿಗೆ ಜ್ವರ ಬಂದಿತ್ತು, ಶಾಸ್ತ್ರಕ್ಕೆ ಒಂದು ಚೊಂಬು ಸಾಕು ಅಂತ ಕೇಳ್ಕೋತೀನಿ."

ನೆನೆದ ಸೀರೆಯಲ್ಲಿ ಕೂತಿದ್ದವಳು ನನ್ನ ಕೈ ಹಿಡಿದುಕೊಂಡಳು. "ತಾತ, ನೀವು ಹೋಗಿ ಕೇಳಿದ್ರೆ ಅವರು ಹೂಂ ಅಂತಾರೆ. ನಂಗೂ ಗೊತ್ತು. ಆಮೇಲೆ ನಾನು ಆ ಮನೆಗೆ ಸೊಸೆ ಆಗಿ ಹೋಗಲ್ಲ, ಜ್ವರದ ಹುಡುಗಿ ಆಗಿ ಹೋಗ್ತೀನಿ. ಅಲ್ಲೂ ಪೊರಕೆ ಕಿತ್ಕೋತಾರೆ. ಅಲ್ಲೂ ಬಾಳೆಲ್ಲ ಬಿಸಿನೀರೇ ಕೊಡ್ತಾರೆ." ಹಿಡಿದ ಕೈ ಬಿಡದೆ, "ನಂಗೆ ಬಾವಿ ನೀರು ಕುಡೀಬೇಕು ತಾತ" ಎಂದಳು.

ನಾನು ಮೂರ್ನಾಡಿಗೆ ಹೋಗಲಿಲ್ಲ.

ಬಾಮೈದ ಆವತ್ತು ಕಣದಲ್ಲಿ ಕುಕ್ಕರುಗಾಲಲ್ಲಿ ಕೂತು ಚೂರುಗಳನ್ನು ಒಂದೊಂದಾಗಿ ಆಯ್ದ. ಮಾರನೆಯ ದಿನ ಬೆಳಿಗ್ಗೆ ಬಂದು, "ಅವಳದ್ದೇನೂ ತಪ್ಪಿಲ್ಲ ಭಾವ. ಉಸಿರು ತಯಾರಾಗೋ ಮುಂಚೆ ನಾನು ಭಾರ ಇಟ್ಟೆ" ಎಂದು ಹೇಳಿ, ಮತ್ತೆ ಒಲೆಯ ಕೊಳವೆಯನ್ನೇ ಅವಳ ಕೈಗೆ ಕೊಟ್ಟ. ಮೊದಲಿನಿಂದ. ಈ ಸಲ ನಾನು ನಗಲಿಲ್ಲ. ಅನ್ನದಲ್ಲಿ ಬೂದಿ ಬಿದ್ದರೆ ಪಕ್ಕಕ್ಕೆ ತಳ್ಳಿ ಉಂಡೆ. ದಿನವೂ ಅವಳಿಗೆ ಮೊಳಕೆ ಹುರುಳಿ, ರಾಗಿ ಅಂಬಲಿ, ನೆಲ್ಲಿಕಾಯಿ. ಕಾಫಿ ಹೂ ಅರಳಿ ತೋಟವೆಲ್ಲ ಬೆಳ್ಳಗಾಯಿತು, ಮಡಕೆಯಲ್ಲಿ ಬೊಗಸೆ ನೀರು. ಹೂ ಕಂದುಬಣ್ಣಕ್ಕೆ ತಿರುಗಿತು, ಅರ್ಧ ಮಡಕೆ. ಹೂ ಉದುರಿತು, ತಾಮ್ರದ ಕೊಡ, ಅದರ ಮೇಲೆ ಇನ್ನೊಂದು. ಕಾಕನೂ ರೈಟರೂ ಒಂದು ಸಂಜೆಯೂ ತಪ್ಪಿಸಲಿಲ್ಲ.

ಮದುವೆ ನಮ್ಮ ಮನೆಯಲ್ಲಿ ಚೆನ್ನಾಗಿ ಆಯಿತು. ಅದನ್ನು ಬರೆಯುವುದಿಲ್ಲ, ಮದುವೆ ಎಲ್ಲರ ಮನೆಯಲ್ಲೂ ಆಗುತ್ತದೆ. ಮೂರ್ನಾಡಿನ ಬಾವಿಯ ಕಟ್ಟೆಗೆ ಬನ್ನಿ. ಹೆಣ್ಣಿನ ಜೊತೆ ನಾವೆಲ್ಲ ಲಾರಿಯಲ್ಲಿ ಹೋದೆವು. ಬಾಮೈದ ಮಾತ್ರ ಹಿಂದಿನ ದಿನವೇ ಹೊರಟು ನಡೆದು ಬಂದಿದ್ದ. ಪೂಜೆ ಆಯಿತು. ಹುಡುಗನ ಅಜ್ಜಿಯೇ ಕೈಯಾರೆ ನನ್ನ ಮೊಮ್ಮಗಳ ತಲೆಯ ಮೇಲೆ ಸಿಂಬಿ ಇಟ್ಟು, ಕೊಡದ ಮೇಲೆ ಕೊಡ ಇಟ್ಟರು. ವಾಲಗ ಶುರುವಾಯಿತು. ಗಂಡಿನ ಕಡೆಯ ಹುಡುಗರು ಮುಂದೆ ಬಂದು ಕುಣಿಯತೊಡಗಿದರು. ನನ್ನ ಹೆಂಡತಿ ನನ್ನ ಹೆಗಲುವಸ್ತ್ರ ಹಿಡಿದುಕೊಂಡಳು, ಬಿಡಲೇ ಇಲ್ಲ.

ಹುಡುಗಿ ಎರಡು ಹೆಜ್ಜೆ ಇಟ್ಟಳು, ನಿಂತಳು. ಬಿದಿರಿನಂತೆ ಸ್ವಲ್ಪ ತೂಗಿದಳು. ಮತ್ತೆ ಒಂದು ಹೆಜ್ಜೆ. ಹುಡುಗರು ಬೆವರಿದರು, ಬೇರೆ ಹುಡುಗರು ಬಂದರು. ಬಿಸಿಲು ಮಾಡಿನಿಂದ ಅಂಗಳಕ್ಕೆ ಇಳಿಯಿತು. ಅವಳ ಕುತ್ತಿಗೆಯ ಮೇಲೆ ಬೆವರು ಹರಿಯುವುದು ನನಗೆ ಕಾಣುತ್ತಿತ್ತು.

ಆಗ ಒಂದು ಅನಾಹುತವಾಯಿತು. ವಾಲಗದ ಬಡಿತ ಏರಿದ್ದೇ ತಡ, ನಮ್ಮ ಕಡೆಯವರಾಗಿ ಬಂದಿದ್ದ ಕಾಕನಿಗೂ ರೈಟರಿಗೂ ಕಾಲು ನಿಲ್ಲಲಿಲ್ಲ. ತಿಂಗಳುಗಟ್ಟಲೆ ಸಂಜೆ ಸಂಜೆ ಮಾಡಿದ ಅಭ್ಯಾಸ! ಇಬ್ಬರೂ ನೆಗೆದು ಹೋಗಿ ನಮ್ಮ ಹುಡುಗಿಗೇ ಅಡ್ಡ ನಿಂತು ಕುಣಿಯತೊಡಗಿದರು. ಅದೂ ಹೇಗೆ? ಗಂಡಿನ ಕಡೆಯವರೇ ಬೆರಗಾಗಿ ಜಾಗ ಬಿಟ್ಟುಕೊಡುವ ಹಾಗೆ. "ಯಾರ್ ಇವು? ನಮ್ಮ ಕುಟುಂಬದವಾ?" ಎಂದು ಅಜ್ಜಿ ಕೇಳಿದರು. ನಾನು ನೆಲ ನೋಡಿದೆ. ನನ್ನ ಹೆಂಡತಿ, "ಅಯ್ಯೋ ಮನೆಹಾಳರೇ, ನಾವು ಹೆಣ್ಣಿನ ಕಡೆಯೋರು ಕಣ್ರೋ" ಎಂದು ಕೂಗಿದಳು. ಡೋಲಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಆದರೆ ನಮ್ಮ ಹುಡುಗಿಯ ಮುಖ ನೋಡಿದೆ. ನಗುತ್ತಿದ್ದಾಳೆ. ಅಲ್ಲಿಯವರೆಗೆ ಅವಳ ಎದುರಿಗಿದ್ದದ್ದು ಗುರುತಿಲ್ಲದ ಮುಖಗಳು, ಗುರುತಿಲ್ಲದ ಅಂಗಳ. ಈಗ ಎದುರಿಗೆ ಇರುವುದು ಮನೆಯ ಕಣ. ರೈಟರು ಎಡಕ್ಕೆ ವಾಲಿದ, ಅವನು ಬಲಕ್ಕೆ ಬರುತ್ತಾನೆ ಎಂದು ಅವಳಿಗೆ ಗೊತ್ತು, ಎಡಕ್ಕೆ ಹೆಜ್ಜೆಯಿಟ್ಟಳು. ಕಾಕ ಹಿಂದೆ ಸರಿದ, ಮುಂದೆ ಬರುತ್ತಾನೆಂದು ಗೊತ್ತು, ಕಾದಳು, ಬಂದ, ಪಕ್ಕಕ್ಕೆ ಸರಿದು ದಾಟಿದಳು. ಕೊಡದಲ್ಲಿ ನೀರು ಅಲುಗಲಿಲ್ಲ. ನೋಡುತ್ತಿದ್ದವರು ಹೋ ಎಂದರು. ಅಜ್ಜಿ, "ಸಾಕ್, ಸಾಕ್, ದಾರಿ ಬುಡಿ, ಗೂಡೆ ಗೆದ್ದತ್" ಎಂದು, ಹುಡುಗಿ ಗೆದ್ದಳೆಂದು, ಕೈಯೆತ್ತಿದರು. ಆಗಲೇ ಎಚ್ಚರವಾದ ಕಾಕ ಸುತ್ತ ನೋಡಿ, "ಪಡಚ್ಚೋನೇ, ನಮ್ದ್ ಯಾವ ಪಾರ್ಟಿ?" ಎಂದು ತನ್ನ ದೇವರನ್ನು ಕೂಗಿ ತಲೆ ಹಿಡಿದುಕೊಂಡ.

ಅವಳು ಹೊಸಿಲು ದಾಟಿ ಒಳಗೆ ಹೋಗಿ ಕೊಡ ಇಳಿಸಿದಳು. ಒಳಗಿನಿಂದ ಹೆಂಗಸರ ನಗು ಕೇಳಿಸಿತು. ಮೇಲಿನ ಕೊಡದಿಂದ ಒಂದು ಲೋಟ ತುಂಬಿಕೊಂಡು, ಅಲ್ಲೇ ನಿಂತು, ಗಟಗಟ ಕುಡಿದಳಂತೆ. ತಣ್ಣೀರು. ನನ್ನ ಹೆಂಡತಿ ಆಮೇಲೆ ಹೇಳಿದಳು.

ನಾನು ಬಾಮೈದನನ್ನು ಹುಡುಕಿದೆ. ಜನರ ನಡುವೆ ಇಲ್ಲ. ಅಂಗಳದ ಮೂಲೆಯ ಹಲಸಿನ ಮರದ ಬುಡದಲ್ಲಿ ಒಬ್ಬನೇ ನಿಂತಿದ್ದ. ಎರಡು ಕೈಯೂ ಅರ್ಧ ಮೇಲೆದ್ದಿದ್ದವು, ತಲೆಯ ಮೇಲೆ ಇಲ್ಲದ ಕೊಡವನ್ನು ಹಿಡಿದುಕೊಂಡವನ ಹಾಗೆ. ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತ್ತು. ಬಾವಿಯಿಂದ ಅಡಿಗೆಮನೆಯವರೆಗೆ ಅವಳ ಜೊತೆಗೆ ಅವನೂ ಹೊತ್ತಿದ್ದ. ಅವಳು ಇಳಿಸಿದ್ದಳು, ಅವನು ಇನ್ನೂ ಇಳಿಸಿರಲಿಲ್ಲ.

ಮೊಮ್ಮಗಳು ಹೊರಗೆ ಬಂದಳು. ಯಾರನ್ನೂ ಮಾತಾಡಿಸದೆ ನೇರ ಅವನ ಎದುರಿಗೆ ಹೋಗಿ ನಿಂತಳು. ಅವನ ಮುಖ ನೋಡಲಿಲ್ಲ. ಅವನಿಂದಲೇ ಕಲಿತದ್ದಲ್ಲವೇ, ಹೆಗಲು ನೋಡಿದಳು. ಎರಡೂ ಹೆಗಲು ಕಿವಿಯ ಹತ್ತಿರ ಇದ್ದವು. ಅವುಗಳ ಮೇಲೆ ತನ್ನ ಎರಡು ಕೈ ಇಟ್ಟು, ಎಲ್ಲರಿಗೂ ಅವನು ಹೇಳುವ ಮಾತನ್ನೇ, ಮೆಲ್ಲಗೆ ಹೇಳಿದಳು.

"ಗರಡಿ ತಾತ, ಉಸಿರು ಬಿಡಿ."

ಅವನು ಬಿಟ್ಟ. ಎಷ್ಟು ಕಾಲದಿಂದ ಹಿಡಿದಿದ್ದನೋ, ಬರುತ್ತಲೇ ಇತ್ತು. ಹೆಗಲು ಇಳಿಯಿತು, ಮೊಣಕಾಲು ಮಡಿಚಿತು, ಬಸ್ಸು ಹತ್ತದ ಆ ಮನುಷ್ಯ ಹಲಸಿನ ಬೇರಿನ ಮೇಲೆ ಮಗುವಿನ ಹಾಗೆ ಕೂತುಬಿಟ್ಟ. ಟವಲಿನಿಂದ ಕಣ್ಣೊರೆಸಿಕೊಳ್ಳಲು ಹೋಗಿ ಹುರುಳಿಕಾಳೆಲ್ಲ ಚೆಲ್ಲಿದವು.

ನಾನು ಹೋಗಿ ಅವನ ಪಕ್ಕದಲ್ಲಿ ಕೂತೆ. ಕೆಳಗೆ ಬಿದ್ದ ಹುರುಳಿಯನ್ನು ಆಯ್ದು ಆಯ್ದು ಅವನ ಟವಲಿಗೆ ಹಾಕತೊಡಗಿದೆ. ಅವನು ಮೂಗೊರೆಸಿಕೊಂಡು, ಒದ್ದೆ ಕಣ್ಣಿನಲ್ಲೇ ನನ್ನ ಕುತ್ತಿಗೆಯ ಕೆಳಗೆ ನೋಡಿದ.

"ಭಾವ," ಎಂದ, "ನಿಮ್ದೂ ಕಿವಿ ಹತ್ರಾನೇ ಐತಲ್ಲ."

ಹೌದಲ್ಲ ಎಂದುಕೊಂಡೆ. ನಾನೂ ಬಿಟ್ಟೆ.